ನಾಲ್ಕನೇ ನಂಬರಿನ ಗಾಜು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆಗಲೂ ನಾನು ದಿನಚರಿ ಬರೆಯುತ್ತಿದ್ದೆ. ಆದರೆ ಆ ತಿಂಗಳ ಪುಟಗಳಲ್ಲಿ ಇರುವುದು ಲೋಕಲ್ ಟ್ರೇನು ತಡವಾದದ್ದು, ತಲೆನೋವು, ಒಂದು ಕಡೆ "ಅತ್ತೆಯ ಮನೆಯಲ್ಲಿ ತಿಂಡಿ" ಎಂಬ ಮೂರು ಪದ. ಬೇಕಾದದ್ದು ಯಾವುದೂ ಇಲ್ಲ. ಅತ್ತೆ ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತರುವಾಗಲೇ ಅವರ ಮಾತು ಸ್ವಲ್ಪ ನನ್ನದಾಗಿಬಿಡುತ್ತದೆ. ವರ್ಷ ಎರಡು ಸಾವಿರದ ಹನ್ನೊಂದೋ ಹನ್ನೆರಡೋ. ಮಳೆಗಾಲ ಮುಗಿದಿತ್ತು ಎಂಬುದೊಂದು ಖಾತ್ರಿ, ಏಕೆಂದರೆ ಮಳೆಯಲ್ಲಿ ನಾವು ಕಟ್ಟಡ ಕೆಡವುತ್ತಿರಲಿಲ್ಲ.

ಸಿವಿಲ್ ಇಂಜಿನಿಯರಿಂಗ್ ಮುಗಿಸಿ ನಾನು ಠಾಣೆ ನಗರದ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಒಂದು ಸಣ್ಣ ಕಚೇರಿಗೆ ಸೇರಿದ್ದೆ. ಹಳೆಯ ಕಟ್ಟಡಗಳನ್ನು ಪರೀಕ್ಷಿಸುವುದು, ಕೆಡವಬೇಕಾದರೆ ಹೇಗೆ ಕೆಡವಬೇಕೆಂದು ಬರೆದುಕೊಡುವುದು ಅಲ್ಲಿನ ಕೆಲಸ. ಕೆಡವುವುದಕ್ಕೂ ಯೋಜನೆ ಬೇಕೇ ಎಂದು ಮನೆಯಲ್ಲಿ ನಗುತ್ತಿದ್ದರು. ಬೇಕು. ಕಟ್ಟಿದ ಕ್ರಮವನ್ನೇ ಹಿಂದುಮುಂದಾಗಿ ಮಾಡಬೇಕು: ಮೇಲಿನ ಮಹಡಿಯಿಂದ ಕೆಳಗೆ, ಮೊದಲು ಗೋಡೆ, ಆಮೇಲೆ ಸ್ಲ್ಯಾಬು, ತೊಲೆ, ಕೊನೆಗೆ ಕಂಬ. ಒಡೆದ ರಾಶಿಯನ್ನು ಸ್ಲ್ಯಾಬಿನ ಮೇಲೆ ಬಿಟ್ಟರೆ ಅದರ ಭಾರಕ್ಕೇ ಕೆಳಗಿನ ಮಹಡಿ ಕೂರುತ್ತದೆ, ಹಾಗಾಗಿ ಆಗಿಂದಾಗ್ಗೆ ಇಳಿಸುತ್ತಿರಬೇಕು. ಕರೆಂಟು, ನೀರು ಕಡಿಸಿದ ಪತ್ರ ಕೈಯಲ್ಲಿರಬೇಕು. ಮತ್ತು ಪಕ್ಕದ ಕಟ್ಟಡದ ಮೇಲೆ ಕಣ್ಣಿಟ್ಟಿರಬೇಕು.

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ನಾವು ಆಗ ಕೆಡವಬೇಕಿದ್ದ ಮೂರು ಮಹಡಿಯ ವಾಣಿಜ್ಯ ಕಟ್ಟಡದ ಪಕ್ಕದ ಕಟ್ಟಡದಲ್ಲೇ ನನ್ನ ಅತ್ತೆಯ ಮನೆ. ಅತ್ತೆ ಎಂದರೆ ಅಪ್ಪನ ತಂಗಿ. ಎರಡು ಕಟ್ಟಡಗಳ ನಡುವೆ ಕೈ ಚಾಚಿದರೆ ಮುಟ್ಟುವಷ್ಟು ಸಂದು. ಕೆಡವಬೇಕಾದ ಕಡೆ ಸೀರೆ ಅಂಗಡಿ, ಟ್ಯೂಷನ್ ಕ್ಲಾಸು, ಹಲ್ಲಿನ ಡಾಕ್ಟರು ಎಲ್ಲರೂ ಖಾಲಿ ಮಾಡಿದ್ದರು. ಈ ಕಡೆ ಅತ್ತೆ, ಅವರ ಮಗ, ಇನ್ನೂ ನಾಲ್ಕು ಸಂಸಾರಗಳು, ಎಲ್ಲರೂ ಪಗಡಿಯ ಬಾಡಿಗೆದಾರರು, ಎಂದರೆ ಹಿಂದೆಂದೋ ಒಂದು ಮೊತ್ತ ಕೊಟ್ಟು ಅಲ್ಪ ಬಾಡಿಗೆಗೆ ಕೂತವರು; ಮನೆ ಅವರ ಹೆಸರಿನಲ್ಲಿಲ್ಲ. ಅತ್ತೆ ಅಲ್ಲಿರುವುದನ್ನು ನಮ್ಮ ಸಾಹೇಬರಿಗೆ ಮೊದಲೇ ಹೇಳಿದ್ದೆ ಎಂದುಕೊಂಡಿದ್ದೇನೆ. ಹೇಳಿದಾಗ ಅವರು ಏನೆಂದರು ಎಂದು ಮಾತ್ರ ನೆನಪಾಗುವುದಿಲ್ಲ. ಹಾಗಾದರೆ ಹೇಳಿದ್ದೆನೇ?

ಅತ್ತೆಯ ಕಟ್ಟಡದ ಗೋಡೆಯಲ್ಲಿ ಹಳೆಯ ಬಿರುಕುಗಳಿದ್ದವು. ಬಿರುಕಿಗೆ ಅಡ್ಡಲಾಗಿ ಬೆರಳುದ್ದದ ತೆಳುಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ಮಾರ್ಕರಿನಲ್ಲಿ ನಂಬರು ಬರೆಯುವುದು ನನ್ನ ಕೆಲಸ. ಗೋಡೆ ಒಂದಿಷ್ಟು ಅಲುಗಿದರೂ ಗಾಜು ಒಡೆಯುತ್ತದೆ. ಆರು ಕಡೆ ಅಂಟಿಸಿದೆ. ನಾಲ್ಕನೆಯದು ಅತ್ತೆಯ ಅಡುಗೆಮನೆಯಲ್ಲಿ, ಸ್ಟೌವಿನ ಪಕ್ಕದ ಗೋಡೆಗೆ.

"ಏನು ಮಾರಾಯ್ತಿ, ಗೋಡೆಗೆ ಬ್ಯಾಂಡೇಜು ಹಾಕಲಿಕ್ಕಾ ನಾಲ್ಕು ವರ್ಷ ಕಾಲೇಜಿಗೆ ಹೋದದ್ದು?" ಎಂದರು ಅತ್ತೆ.

"ಇದು ಒಡೆದರೆ ಬಿರುಕು ಅಗಲ ಆಗ್ತಾ ಉಂಟು ಅಂತ ಅತ್ತೆ. ಕೆಲಸ ನಿಲ್ಲಿಸಿ ನಿಮ್ಮನ್ನೆಲ್ಲ ಬೇರೆ ಕಡೆ ಕಳಿಸಬೇಕಾಗ್ತದೆ."

"ಎಷ್ಟು ದಿನಕ್ಕೆ?"

"ಸ್ವಲ್ಪ ದಿನ."

"ಹಿಂದಿನ ಗಲ್ಲಿಯವರನ್ನೂ ಸ್ವಲ್ಪ ದಿನಕ್ಕೇ ಕಳಿಸಿದ್ದು. ಬದಲಾಪುರದಲ್ಲಿದ್ದಾರೆ. ಅವರ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ."

ಅದು ನಿಜವಾದ ಭಯ. ಒಮ್ಮೆ ಬೀಗ ಹಾಕಿ ಹೊರಟ ಪಗಡಿಯವರು ಹಿಂತಿರುಗಿದ್ದನ್ನು ನಾನೂ ಹೆಚ್ಚು ನೋಡಿರಲಿಲ್ಲ. ಆದರೂ ಅಂದು ನಕ್ಕುಬಿಟ್ಟೆ. ಮಿಕ್ಕ ಗಾಜನ್ನು ವೃತ್ತಪತ್ರಿಕೆಯಲ್ಲಿ ಸುತ್ತಿ, ಪ್ಲಾಸ್ಟರಿನ ಪುಡಿ, ಮಾರ್ಕರು ಸಮೇತ ಅತ್ತೆಯ ಶೆಲ್ಫಿನಲ್ಲೇ ಇಟ್ಟೆ. ಡೊಂಬಿವಲಿಯಲ್ಲಿ ಲೋಕಲ್ ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಗಾಜು ಹಿಡಿದುಕೊಂಡು ಆ ಬೋಗಿಯ ನೂಕುನುಗ್ಗಲಿನೊಳಗೆ ಹೋದರೆ ಗಾಜೂ ಉಳಿಯುವುದಿಲ್ಲ, ಪಕ್ಕದವರೂ ಉಳಿಯುವುದಿಲ್ಲ.

ಇಟ್ಟದ್ದು ಎರಡು ಪಟ್ಟಿಯೋ ಒಂದೋ, ಅದೇ ಈಗ ಗೊತ್ತಾಗದ ವಿಷಯ.

ದಿನಾ ಬೆಳಿಗ್ಗೆ ಕಾಂಕ್ರೀಟು ಒಡೆಯುವ ಬ್ರೇಕರ್ ಯಂತ್ರ ಶುರುವಾಗುವ ಮೊದಲು ನಾನು ಆರೂ ಗಾಜು ನೋಡಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಸಹಿ ಆದ ಮೇಲೆಯೇ ಆಳುಗಳು ಮೇಲೆ ಹತ್ತುವುದು. ಎರಡು ವಾರ ಎಲ್ಲ ಸರಿಯಾಗಿತ್ತು. ಮೂರನೇ ಮಹಡಿ ಇಳಿಯಿತು. ಎರಡನೆಯದರ ಗೋಡೆಗಳೂ ಹೋದವು. ಒಂದು ದಿನ ಬೆಳಿಗ್ಗೆ ಸಹಿ ಹಾಕಿ ಬರುವಷ್ಟರಲ್ಲಿ ಮೇಸ್ತ್ರಿ ಮೆಟ್ಟಿಲ ಹತ್ತಿರ ಕಾಯುತ್ತಿದ್ದರು. ಕಲಬುರಗಿ ಕಡೆಯವರು, ತಮ್ಮ ಊರಿನವರನ್ನೇ ಕಟ್ಟಿಕೊಂಡು ಬಂದಿದ್ದವರು.

"ಅಕ್ಕಾರ, ನಿಮ್ಮ ಗಾಜು ಏನಂತದ?"

"ಆರೂ ಸರಿ ಇವೆ."

"ಗಾಜು ಓದಿದವರದು, ಸರೀನೇ ಇರ್ತದ ಬಿಡ್ರಿ. ಆದ್ರ ನಿನ್ನಿ ಸಂಜಿಮುಂದ ಬಾಜೂ ಕಟ್ಟಡದ ಗ್ವಾಡ್ಯಾಗ ಚಟ್ ಅಂದದ್ದು ನಾ ಕಿವೀಲೆ ಕೇಳೀನಿ. ನಮ್ಮ ಮಂದಿ ಆರು ಜನ ಆ ಗ್ವಾಡಿ ಬುಡಕ್ಕ ನಿಂದರ್ತಾರ. ಇನ್ನೊಮ್ಮಿ ನೋಡಿ ಬರ್ರಿ."

ಮತ್ತೆ ಹತ್ತಿದೆ. ಅತ್ತೆ ಇಡ್ಲಿ ಇಟ್ಟಿದ್ದರು. ನಾಲ್ಕನೇ ಗಾಜು ಇಡಿಯಾಗಿಯೇ ಇತ್ತು, ನಂಬರೂ ಇತ್ತು. ತುದಿಯ ಪ್ಲಾಸ್ಟರನ್ನು ಮುಟ್ಟಿದೆ. ತಣ್ಣಗಿತ್ತು. ಉಗುರು ಒತ್ತಿದರೆ ಗುರುತು ಬಿತ್ತು. ಎರಡು ವಾರದ ಪ್ಲಾಸ್ಟರು ಕಲ್ಲಿನಂತಾಗಿರಬೇಕಿತ್ತು.

"ಹಬೆ," ಎಂದರು ಅತ್ತೆ. "ಆ ಮೂಲೆ ಯಾವಾಗಲೂ ಒದ್ದೆ."

ಅವರು ಇದನ್ನು ನಾನು ಕೇಳಿದ ಮೇಲೆ ಹೇಳಿದರೋ, ಕೇಳುವ ಮೊದಲೇ ಹೇಳಿದರೋ? ನನ್ನ ನೆನಪಿನಲ್ಲಿ ಒಂದೊಂದು ಸಲ ಒಂದೊಂದು ರೀತಿ ಇದೆ. ಹಬೆ ಇದ್ದದ್ದು ನಿಜ. ಎರಡು ವಾರ ಹಬೆ ಕುಡಿದ ಪ್ಲಾಸ್ಟರು ಮೆತ್ತಗಾಗುತ್ತದೆಯೇ ಎಂದು ನಾನು ಆಮೇಲೆ ನನ್ನ ಅಡುಗೆಮನೆಯಲ್ಲಿ ಪರೀಕ್ಷೆ ಮಾಡಿ ನೋಡಿದ್ದೇನೆ. ಸ್ವಲ್ಪ ಆಗುತ್ತದೆ. ಅಷ್ಟು ಆಗುತ್ತದೆಯೇ ಎಂದರೆ ಹೇಳಲಾರೆ. ಶೆಲ್ಫಿನಲ್ಲಿದ್ದ ಪೊಟ್ಟಣ ಬಿಚ್ಚಿದೆ. ಒಂದು ಪಟ್ಟಿ ಇತ್ತು.

"ಎರಡಿತ್ತಲ್ಲ?" ಎಂದೆ. ಇಲ್ಲ, ಎನ್ನಬೇಕೆಂದುಕೊಂಡೆ, ಅಂದೆನೋ ಇಲ್ಲವೋ. ಅತ್ತೆ ತಟ್ಟೆಗೆ ಇಡ್ಲಿ ಹಾಕಿ, "ತಿಂದು ಹೋಗು, ಗೋಡೆ ಎಲ್ಲಿಗೂ ಓಡುವುದಿಲ್ಲ" ಎಂದದ್ದು ಮಾತ್ರ ಸ್ಪಷ್ಟ.

ತಿಂದೆನೇ? ತಿಂದಿರಬೇಕು. ದಿನಚರಿಯ ಆ ಮೂರು ಪದ ಅದೇ ಇರಬೇಕು.

ಕೆಳಗಿಳಿದು ಸಾಹೇಬರಿಗೆ ಫೋನು ಮಾಡಿದೆ. ಆ ಬದಿಯಲ್ಲಿ ಯಂತ್ರ ನಿಲ್ಲಿಸಿ, ಜಾಕಿನ ಆಸರೆ ಕೊಟ್ಟು, ಸುತ್ತಿಗೆ ಉಳಿಯಿಂದ ಕೈಯಲ್ಲೇ ಬಿಡಿಸೋಣ ಎಂದೆ.

"ಗಾಜು ಒಡೆದಿದೆಯಾ?"

"ಇಲ್ಲ ಸರ್."

"ಮತ್ತೆ?"

"ಮೇಸ್ತ್ರಿಗೆ ಸದ್ದು ಕೇಳಿಸಿದೆ."

"ನೀನು ಇಂಜಿನಿಯರೋ ಅವನೋ?" ಎಂದರು. ಬೈದರು. ಆಮೇಲೆ ಎರಡು ದಿನ ಕೊಟ್ಟರು.

ಕೈಯಲ್ಲಿ ಬಿಡಿಸುವಾಗ ಮೇಸ್ತ್ರಿ ನನ್ನನ್ನು ಕರೆದು ತೋರಿಸಿದರು. ಮೆಟ್ಟಿಲ ತಿರುವಿನ ತೊಲೆಯೊಂದು ಸಂದನ್ನು ದಾಟಿ ನೇರವಾಗಿ ಅತ್ತೆಯ ಕಟ್ಟಡದ ಗೋಡೆಯೊಳಗೆ ಹೊಕ್ಕು ಕೂತಿತ್ತು. ಯಾವ ನಕ್ಷೆಯಲ್ಲೂ ಇಲ್ಲ. ಹಿಂದೆ ಯಾರೋ ಖರ್ಚು ಉಳಿಸಿದ್ದರು. ಇಲ್ಲಿ ಹೊಡೆದ ಒಂದೊಂದು ಏಟೂ ಅಲ್ಲಿ, ಸ್ಟೌವಿನ ಪಕ್ಕ, ಬೀಳುತ್ತಿತ್ತು.

"ಸೋದರಿಕಿ ಅದರಿ ಎರಡೂ ಮನಿಗೆ," ಎಂದು ಮೇಸ್ತ್ರಿ ನಕ್ಕರು. "ಮೊದಲ ಇದನ್ನ ಬಿಡಿಸ್ಬೇಕಿತ್ತು."

ಅವರ ಆಳುಗಳು ಅದನ್ನು ಗೋಡೆಯಿಂದ ಒಂದು ಗೇಣು ಬಿಟ್ಟು ಕತ್ತರಿಸಿದರು, ಕಂಬಿಗಳನ್ನು ಗ್ಯಾಸ್ ಕಟರಿನಿಂದ ಒಂದೊಂದಾಗಿ ಕಡಿದರು. ಆಮೇಲೆ ಕಟ್ಟಡ ಪೂರ್ತಿ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ನಮ್ಮ ಕಚೇರಿಯಲ್ಲಿ ನನ್ನನ್ನು ಹೊಗಳಿದರು ಕೂಡ.

ಆದರೆ ಯೋಜನೆಯಲ್ಲಿ ನಾನೇ ಬರೆದ ಸಾಲೊಂದಿತ್ತು: ಗಾಜು ಒಡೆದರೆ ಆ ಗೋಡೆಯ ಹಿಂದಿನ ಮನೆಗಳನ್ನು ಅಂದೇ ಖಾಲಿ ಮಾಡಿಸಬೇಕು. ನಾನು ಮಾಡಿಸಲಿಲ್ಲ. ಆ ಎರಡು ದಿನವೂ ಐದು ಸಂಸಾರಗಳು ಅಲ್ಲೇ ಅಡುಗೆ ಮಾಡಿದವು, ಅಲ್ಲೇ ಮಲಗಿದವು. ಗೋಡೆಯ ಬುಡದಲ್ಲಿ ಆರು ಜನ ಉಳಿ ಹಿಡಿದು ನಿಂತಿದ್ದರು. ರಿಜಿಸ್ಟರಿನಲ್ಲಿ "ಆರೂ ಸರಿ" ಎಂದು ನನ್ನ ಸಹಿ. ಗಾಜು ನಿಜವಾಗಿ ಒಡೆದಿರಲಿಲ್ಲವಾದರೆ ನಾನು ಎಚ್ಚರದವಳು, ಮೇಸ್ತ್ರಿಯ ಮಾತು ಕೇಳಿದವಳು. ಒಡೆದಿತ್ತಾದರೆ, ಅದು ನನಗೆ ಅರ್ಥವಾಗಿತ್ತಾದರೆ, ನಾನು ಅತ್ತೆಯ ಮನೆಯನ್ನು ಉಳಿಸಲು ಇಪ್ಪತ್ತು ಇಪ್ಪತ್ತೈದು ಜನರನ್ನು ಪಣಕ್ಕಿಟ್ಟವಳು. ಇಬ್ಬರಲ್ಲಿ ನಾನು ಯಾರು ಎಂದು ಗೊತ್ತಾಗದೆ ಹೊಗಳಿಕೆಯನ್ನು ತೆಗೆದುಕೊಂಡೆ.

ಕೆಲವು ವರ್ಷಗಳ ಮೇಲೆ ಅತ್ತೆಯ ಮಗ ಕಾಮೋಠೆಯಲ್ಲಿ ಫ್ಲ್ಯಾಟು ತೆಗೆದುಕೊಂಡ. ಪಗಡಿಯ ಮನೆಯನ್ನು ಅವರಾಗಿಯೇ ಬಿಟ್ಟುಕೊಟ್ಟರು. ಅತ್ತೆ ಈಗ ನಿಜ ಹೇಳಿದರೂ ಕೈತಪ್ಪುವ ಮನೆ ಯಾವುದೂ ಇಲ್ಲವಲ್ಲ ಎಂದುಕೊಂಡು ಒಂದು ಭಾನುವಾರ ಹೋಗಿ ಕೇಳಿಯೇಬಿಟ್ಟೆ. ಅತ್ತೆ ಬಸಳೆ ಸೊಪ್ಪು ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಆ ಮೇಸ್ತ್ರಿ ಈಗ ಎಲ್ಲಿದ್ದಾನೆ? ಒಳ್ಳೆಯ ಮನುಷ್ಯ," ಎಂದರು. ಗೊತ್ತಿಲ್ಲ ಎಂದೆ. ದಂಟುಗಳನ್ನು ಬೇರೆ ಮಾಡಿಟ್ಟು ಎದ್ದು ಒಳಗೆ ಹೋದರು. ಆಮೇಲೆ ಎಷ್ಟೋ ಸಲ ಊಟ ಮಾಡಿ ಬಂದಿದ್ದೇನೆ. ಅವರು ಆ ಮಾತಿಗೆ ಬಂದಿಲ್ಲ, ನಾನೂ ಎರಡನೇ ಸಲ ಕೇಳಿಲ್ಲ. ಆ ಭಾನುವಾರ ಕೇಳಿದ್ದು ಇಷ್ಟೇ:

"ಅತ್ತೆ, ಅವತ್ತು ಬೆಳಿಗ್ಗೆ ನಾನು ನೋಡಿದ ಗಾಜು, ನಾನೇ ಅಂಟಿಸಿದ್ದಾಗಿತ್ತಾ?"