ಅಂಚು ಮುಟ್ಟದ ಹಸಿರು

ಕುಶಾಲನಗರದ ಹತ್ತಿರ ಶುಂಠಿ, ಜೋಳ ಬೆಳೆಯುವ ಜವರಯ್ಯನ ಮಗಳು ರಂಜಿತಾ ಮಡಿಕೇರಿಯ ಒಂದು ಸಣ್ಣ ಲ್ಯಾಬಿನಲ್ಲಿ ಮಲೇರಿಯಾ ರೋಗಾಣುಗಳನ್ನು ಸಾಕುತ್ತಿದ್ದಳು. ಅವಳು ಚಿಕ್ಕವಳಿದ್ದಾಗ ಮಾಕುಟ್ಟದ ಕಾಡಿನ ಕಡೆ ಬಿದಿರು ಕಡಿಯಲು ಹೋದ ಅಪ್ಪ ಅದೇ ಜ್ವರ ಹೊತ್ತು ಬಂದು, ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ನಡುಗುತ್ತಿದ್ದ. ಸಂಶೋಧನೆಗೆ ಸೇರುವಾಗ ಆ ನಡುಕ ಅವಳ ಕಣ್ಣ ಮುಂದಿತ್ತು. ವರ್ಷಗಳು ಕಳೆದಂತೆ ಉಳಿದದ್ದು ಬರೀ ದಣಿವು.

ಕೆಲಸ ಹೇಳುವುದಕ್ಕೆ ಸುಲಭ. ರಕ್ತಕಣದೊಳಗೆ ಕೂತ ರೋಗಾಣು ತಯಾರಿಸುವ ಒಂದು ಪ್ರೋಟೀನ್ ಎಲ್ಲಿಗೆ ಹೋಗುತ್ತದೆಂದು ತಿಳಿಯಬೇಕು. ಅದರ ಜೀನಿಗೆ, ಆ ಪ್ರೋಟೀನನ್ನು ಹಸಿರಾಗಿ ಹೊಳೆಯಿಸುವ ಇನ್ನೊಂದು ಜೀನನ್ನೂ ಔಷಧಿ ತಡೆಯುವ ಶಕ್ತಿಯನ್ನೂ ಜೋಡಿಸಿ, ವಿದ್ಯುತ್ ಹಾಯಿಸಿ ರೋಗಾಣುವಿನೊಳಗೆ ತೂರಿಸಬೇಕು. ಆಮೇಲೆ ಆ ಔಷಧಿ ಹಾಕಿದರೆ ಜೀನ್ ಹಿಡಿದವು ಮಾತ್ರ ಉಳಿಯುತ್ತವೆ. ರಂಜಿತಾಳ ಕೈಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಾಯುತ್ತಿದ್ದವು. ಒಂದು ಮಳೆಗಾಲದಲ್ಲಿ ಹೇಗೋ ಉಳಿದಿದ್ದ ಕೆಲವೂ ಕರೆಂಟ್ ಹೋಗಿ, ಜನರೇಟರ್ ಕೈಕೊಟ್ಟು ತಣ್ಣಗಾಗಿ ಸತ್ತವು.

“ಮತ್ತೆ ಸತ್ತೋದ್ವಾ?” ಅವ್ವ ನಿಂಗಮ್ಮ ಫೋನಿನಲ್ಲಿ ಕೇಳಿದಳು. “ಎಲ್ರೂ ಅದ್ನ ಸಾಯ್ಸಕ್ಕೆ ನೋಡ್ತಾರೆ. ನೀನ್ಯಾಕವ್ವಾ ಬದುಕ್ಸಕ್ಕೆ ಒದ್ದಾಡ್ತೀಯ?”

“ಬದುಕಿದ್ರೆ ತಾನೇ ಅದ್ರ ಗುಟ್ಟು ಗೊತ್ತಾಗೋದು?”

ಕೊನೆಗೊಮ್ಮೆ ಬದುಕಿದವು. ಆ ಪ್ರೋಟೀನ್ ರಕ್ತಕಣದ ಹೊರಮೈಗೆ ಬರುತ್ತದೆ, ಅಲ್ಲಿ ಔಷಧಿಯ ಕೈಗೆ ಸಿಗುತ್ತದೆ ಎಂಬುದು ಲ್ಯಾಬಿನ ಮುಖ್ಯಸ್ಥ ಶಶಿಧರ ಅವರ ಬಹುಕಾಲದ ನಂಬಿಕೆ. ಸೂಕ್ಷ್ಮದರ್ಶಕದಲ್ಲಿ ಕಂಡದ್ದೇ ಬೇರೆ. ಹಸಿರು ಬೆಳಕು ರೋಗಾಣುವಿನ ಸುತ್ತ ಉಂಗುರದಂತೆ ನಿಂತಿತ್ತು. ರಕ್ತಕಣದ ಅಂಚು ಕಪ್ಪಗೇ ಇತ್ತು.

“ನೀವು ಜೋಡಿಸಿದ ಹಸಿರು ಬಾಲ ಭಾರವಾಗಿ ಪ್ರೋಟೀನ್ ಒಳಗೇ ಸಿಕ್ಕಿಹಾಕ್ಕೊಂಡಿರ್ಬಹುದು,” ಎಂದರು ಶಶಿಧರ.

ಮಾತಿನಲ್ಲಿ ಹುರುಳಿತ್ತು. ಬಾಲದ ಬದಲು ತೀರಾ ಚಿಕ್ಕ ಗುರುತೊಂದನ್ನು ಅಂಟಿಸಿ ರಂಜಿತಾ ಮೊದಲಿನಿಂದ ಶುರುಮಾಡಿದಳು. ಮತ್ತೆ ಸಾವು, ಮತ್ತೆ ಕಾಯುವುದು, ರೋಗಾಣುಗಳಿಗೆ ದಿನವೂ ಹೊಸ ರಕ್ತ ಹಾಕುವುದು. ಹೊರಗೆ ಕಾಫಿ ಹೂವಾಗಿ, ಕಾಯಾಗಿ, ಪಿಕಿಂಗಿಗೆ ಬಂತು. ಮತ್ತೆ ಅದೇ ಉಂಗುರ.

ಶಶಿಧರ ಚಿತ್ರವನ್ನು ಬಹಳ ಹೊತ್ತು ನೋಡಿದರು. “ನಾನೇ ತಪ್ಪು ತಿಳ್ಕೊಂಡಿದ್ದೆ. ಇರೋದನ್ನೇ ಬರೀರಿ ರಂಜಿತಾ.”

ಇಂಥ ಮಾತು ಕೇಳಿದಾಗ ಖುಷಿಯಾಗಬಹುದೆಂದು ಅವಳು ಎಂದೋ ಅಂದುಕೊಂಡಿದ್ದಳು. ಏನೂ ಆಗಲಿಲ್ಲ.

“ಸರ್, ಒಂದ್ ವಾರ ರಜ ಬೇಕು.”

“ಇವುಗಳನ್ನ ಯಾರು ನೋಡ್ಕೊಳ್ತಾರೆ?”

“ಫ್ರೀಜ್ ಮಾಡಿಟ್ಟಿದೀನಿ.”

ಅವರು ಸರಿಯೆಂದು ತಲೆಯಾಡಿಸಿದರು. ಊರಿಗೆ ಹೋಗುವ ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅರ್ಧ ದಾರಿಯ ಸುಂಟಿಕೊಪ್ಪ ಬರುವ ಮೊದಲೇ ರಂಜಿತಾ ಗಾಢ ನಿದ್ದೆಯಲ್ಲಿದ್ದಳು.