ನೆಲಕ್ಕ ಬಿದ್ದಾಗಿಂದ

ಹೋದ ವರ್ಷ ದಸರಾ ರಜೆ ಮುಗಿದು ಶಾಲೆಗಳು ಮತ್ತೆ ತೆರೆದ ದಿನಗಳು. ಬಾಗಲಕೋಟೆಯ ನವನಗರದಲ್ಲಿ ಒಂದು ಖಾಸಗಿ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ನನ್ನ ಕೆಲಸ. ವೈದ್ಯರು ಬರೆದದ್ದನ್ನು ಓದಿ ಪ್ರತಿ ಕಾಯಿಲೆಗೂ ಅದರ ಕೋಡ್ ಹಚ್ಚುತ್ತೇನೆ. ಸರ್ಕಾರಿ ವಿಮೆಯವರು ಆ ಕೋಡನ್ನು ನೋಡಿಯೇ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುತ್ತಾರೆ. ಆ ದಿನ ನಡೆದದ್ದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿದಷ್ಟು ಸಲವೂ ಕಥೆ ಚೂರು ಬೆಳೆದಿದ್ದರೆ ಆಶ್ಚರ್ಯವಿಲ್ಲ. ಹಾಗಾಗಿ ನನಗೆ ಖಾತ್ರಿ ಇರುವುದನ್ನಷ್ಟೇ ಬರೆಯುತ್ತೇನೆ.

ಮಾಳವ್ವ ಎಂಬ ನಾಲ್ಕು ವರ್ಷದ ಹುಡುಗಿ. ಊರು ಕಮತಗಿಯ ಹತ್ತಿರದ ಹಳ್ಳಿ. ಅವಳಿಗೆ ದನಿಯೇ ಇರಲಿಲ್ಲ. ಅತ್ತರೂ ಸೈಕಲ್ ಟ್ಯೂಬಿನಿಂದ ಗಾಳಿ ಸೋರಿದಂತೆ ಸಪ್ಪಳ. ಓಡಿದರೆ ಉಸಿರು ಕಟ್ಟುತ್ತಿತ್ತು. ಗಂಟಲಿನೊಳಗೆ ಕ್ಯಾಮೆರಾ ಇಳಿಸಿ ನೋಡಿದಾಗ ಎರಡು ಧ್ವನಿತಂತುಗಳ ನಡುವೆ ಬಾತುಕೋಳಿಯ ಕಾಲಿನ ಪೊರೆಯಂಥ ಪೊರೆ ಕಂಡಿತ್ತು. ಅದನ್ನು ಬಿಡಿಸಿದರೆ ದನಿ ಬರುವ ಭರವಸೆ ಇತ್ತು.

ಆದರೆ ವಿಮೆಯವರು ಅರ್ಜಿ ವಾಪಸ್ ಕಳಿಸಿದರು. ‘ಮಗು ಬಿದ್ದು ಪೆಟ್ಟಾಗಿದೆ ಎಂದಿದೆ, ಪೊಲೀಸ್ ಕಾಗದ ಲಗತ್ತಿಸಿ’ ಎಂಬ ಷರಾ ಬೇರೆ. ಕೌಂಟರಿನವರು ಅದನ್ನು ತಾಯಿ ಲಕ್ಷ್ಮವ್ವನಿಗೆ ಹೇಳಿದರು. ಅವಳು ಗೋವಾದಲ್ಲಿ ಕೆಲಸಕ್ಕಿದ್ದ ಗಂಡನಿಗೆ ಫೋನಿನಲ್ಲಿ ಹೇಳಿದಳು. ಸ್ವಲ್ಪ ಹೊತ್ತಿಗೆಲ್ಲ ಅಳುತ್ತ ನಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತಳು.

“ಅಕ್ಕಾರ, ನನ್ನ ಕೂಸು ಎಂದೂ ಬಿದ್ದಿಲ್ರಿ. ನನ್ನ ಗಂಡ ‘ಕೂಸಿನ್ನ ಕೆಡವಿ ನಾಕ ವರ್ಷ ಮುಚ್ಚಿಟ್ಟೀಯೇನ’ ಅಂತ ಕೇಳಾಕತ್ತಾನ್ರಿ. ನಾ ಏನ ಹೇಳ್ಲಿರಿ?”

ಕಡತ ತೆಗೆದೆ. ಭರ್ತಿಯಾದ ದಿನ ಕಿರಿಯ ವೈದ್ಯರು ಇಂಗ್ಲಿಷಿನಲ್ಲಿ ಬರೆದಿದ್ದರು: ನೆಲಕ್ಕೆ ಬಿದ್ದ ನಂತರ ದನಿ ಇಲ್ಲ, ಹೇಳಿದವರು ಅಜ್ಜಿ. ಅದನ್ನು ನಂಬಿ ಶಸ್ತ್ರಚಿಕಿತ್ಸಕರೂ ಪೊರೆಗೆ ಪೆಟ್ಟು ಕಾರಣವಿರಬಹುದು ಎಂದಿದ್ದರು. ಪೆಟ್ಟಿನದಕ್ಕೆ ಒಂದು ಕೋಡ್, ನಾನು ಹಚ್ಚಿದ್ದು ಅದನ್ನೇ. ಹುಟ್ಟಿನಿಂದ ಬಂದ ಪೊರೆಗೆ ಇನ್ನೊಂದು: ಕ್ಯೂ 31.0. ಮೌಸ್ ಒತ್ತಿದರೆ ನಾನೇ ಬದಲಿಸಬಹುದಿತ್ತು. ಆದರೆ ವೈದ್ಯರು ಬರೆಯದ್ದನ್ನು ನಾವು ಕೋಡ್ ಮಾಡುವಂತಿಲ್ಲ. ಅಳುವ ತಾಯಿಯನ್ನು ನಂಬಬೇಕೋ, ಬರೆದ ಅಕ್ಷರವನ್ನೋ? ‘ಮಗು ಯಾವಾಗ, ಎಲ್ಲಿ ಬಿದ್ದಿತ್ತು? ದಯವಿಟ್ಟು ಸ್ಪಷ್ಟಪಡಿಸಿ’ ಎಂದು ಪ್ರಶ್ನೆ ಬರೆದು ಕಿರಿಯ ವೈದ್ಯರ ಕೈಗೇ ಕೊಟ್ಟೆ. ಅವರು ಮಂಡ್ಯದ ಕಡೆಯವರು. “ಬನ್ನಿ ಮೇಡಂ, ಅಜ್ಜೀನೇ ಕೇಳೋಣ” ಎಂದು ಆಗಲೇ ಎದ್ದರು.

ವಾರ್ಡಿನಲ್ಲಿ ಅಜ್ಜಿ ಬೀರವ್ವ ಮೊಮ್ಮಗಳ ತಲೆ ಬಾಚುತ್ತಿದ್ದಳು.

“ಅಜ್ಜಿ, ಮಗು ಎಲ್ಲಿಂದ ಬಿದ್ದಿತ್ತು?” ಎಂದರು ವೈದ್ಯರು.

“ಯಾರ ಬಿದ್ದಾರ್ರಿ?”

“ನೀವೇ ಹೇಳಿದ್ರಲ್ಲ, ನೆಲಕ್ಕೆ ಬಿದ್ದಾಗಿಂದ ದನಿ ಇಲ್ಲ ಅಂತ.”

“ಹೌದ್ರಿ. ನೆಲಕ್ಕ ಬಿದ್ದಾಗಿಂದ ದನೀನ ಇಲ್ಲ. ಸೂಲಗಿತ್ತಿ ಕುಂಡಿಮ್ಯಾಲ ಬಡದ್ರೂ ಅಳಲಿಲ್ಲ ನನ್ನವ್ವ.”

ನನಗೆ ಥಟ್ಟನೆ ಹೊಳೆಯಿತು. ನಾನು ಇಳಕಲ್ಲಿನವಳು. ‘ನೆಲಕ್ಕ ಬಿತ್ತು’ ಎಂದರೆ ಹುಟ್ಟಿತು ಎಂದು ನನ್ನ ಅಜ್ಜಿಯೂ ಹೇಳುತ್ತಿದ್ದಳು. ಆದರೆ ಇಂಗ್ಲಿಷಿನ ಸಾಲಿನೊಳಗೆ ಅದು ನನಗೂ ಕಂಡಿರಲಿಲ್ಲ. ವೈದ್ಯರ ಕಡೆ ತಿರುಗಿದೆ.

“ಸರ್, ನೆಲಕ್ಕೆ ಬೀಳೋದು ಅಂದ್ರೆ ಹುಟ್ಟೋದು” ಎಂದೆ.

ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಮತ್ತ ನೀವು ನೆಲಕ್ಕ ಬೀಳಲಾರದ ಮುಗಲಿನಾಗಿಂದ ಏಣಿ ಹಚಗೊಂಡ ಇಳದೀರೇನ್ರಿ, ಡಾಕ್ಟರ?”

ಇಡೀ ವಾರ್ಡು ನಕ್ಕಿತು. ವೈದ್ಯರೂ ನಕ್ಕರು. “ಇಲ್ಲ ಅಜ್ಜಿ, ನಾನೂ ಬಿದ್ದೋನೇ!” ಎಂದರು.

ಅಜ್ಜಿ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಸೊಸೆಯ ಕೈಯಿಂದ ಫೋನ್ ಇಸಿದುಕೊಂಡು ಗೋವಾದ ಮಗನಿಗೆ ಹಚ್ಚಿಸಿದಳು. “ಲೇ ಸಿದ್ದ್ಯಾ, ನೀನೂ ನೆಲಕ್ಕ ಬಿದ್ದಾವನ ಅದಿ. ಹಡದಾಕಿ ನಾ. ನಿನ್ನ ನಾ ಕೆಡವಿದ್ನೇನಲೇ? ನನ್ನ ಸೊಸಿ ಕೈಯಾಗಿಂದ ತಂಬಗಿ ಸೈತ ಬಿದ್ದಿಲ್ಲ. ಮೊದಲ ಆಕಿ ಕಡೆ ತಪ್ಪಾತು ಅನ್ನು.” ಫೋನನ್ನು ಲಕ್ಷ್ಮವ್ವನ ಕಿವಿಗೆ ಹಿಡಿದಳು. ಅತ್ತ ಕಡೆಯಿಂದ ಅವನು ಏನಂದನೋ ನನಗೆ ಕೇಳಿಸಲಿಲ್ಲ. ಲಕ್ಷ್ಮವ್ವ ಸೆರಗಿನಿಂದ ಮುಖ ಒರೆಸಿಕೊಂಡು, “ಇರ್ಲಿ ಬಿಡು” ಎಂದಳು.

ಮೊದಲು ಬರೆದದ್ದನ್ನು ಅಳಿಸುವಂತಿಲ್ಲ. ವೈದ್ಯರು ಹೆರಿಗೆಯ ವಿಷಯವನ್ನೆಲ್ಲ ಹೊಸದಾಗಿ ಕೇಳಿ, ಕೆಳಗೆ ತಿದ್ದುಪಡಿ ಬರೆದು ಸಹಿ ಹಾಕಿದರು. ಶಸ್ತ್ರಚಿಕಿತ್ಸಕರು ಮತ್ತೊಮ್ಮೆ ಚಿತ್ರಗಳನ್ನು ನೋಡಿ, ಇದು ಹುಟ್ಟಿನಿಂದಲೇ ಬಂದ ಪೊರೆ ಎಂದು ಬರೆದರು. ಆಮೇಲೆ ನಾನು ಕ್ಯೂ 31.0 ಎಂದು ಒತ್ತಿದೆ. ಅಷ್ಟು ಖುಷಿಯಿಂದ ನಾನು ಯಾವ ಕೋಡನ್ನೂ ಒತ್ತಿದ ನೆನಪಿಲ್ಲ. ಆ ವಾರವೇ ಒಪ್ಪಿಗೆ ಬಂತು, ಶಸ್ತ್ರಚಿಕಿತ್ಸೆಯೂ ಆಯಿತು.

ಗಂಟಲು ಮಾಯುವ ತನಕ ಮಾತಾಡಿಸಬೇಡಿ ಎಂದು ಮನೆಗೆ ಕಳಿಸಿದ್ದರು. ಆ ಗಡುವು ಮುಗಿದು ಮತ್ತೆ ತೋರಿಸಲು ಬಂದ ದಿನ ನಾನು ಕಡತ ಹಿಡಿದು ಮೊಗಸಾಲೆಯಲ್ಲಿ ಹೋಗುತ್ತಿದ್ದೆ. ಅಜ್ಜಿ ಆ ತುದಿಯಲ್ಲಿ ನೀರು ಕುಡಿಯುತ್ತಿದ್ದಳು. ಈ ತುದಿಯಿಂದ ಮಾಳವ್ವ ಅಜ್ಜಿಯನ್ನು ಕೂಗಿದಳು: “ಆಯೀ!”

ನರ್ಸ್ ತಿರುಗಿ ನೋಡಿ ತುಟಿಯ ಮೇಲೆ ಬೆರಳಿಟ್ಟಳು.

“ಸುಮ್ಮಕಿರ್ರಿ ಸಿಸ್ಟರ್, ಒದರ್ಲಿ” ಎಂದಳು ಅಜ್ಜಿ. “ಒದರ ನನ್ನವ್ವ, ಇನ್ನೊಮ್ಮೆ ಒದರು.” ಮಾಳವ್ವ ಮತ್ತೆ ಕೂಗಿದಳು. ಲಕ್ಷ್ಮವ್ವ ಫೋನ್ ಎತ್ತಿ ಹಿಡಿದಿದ್ದಳು, ಗೋವಾಕ್ಕೂ ಕೇಳಲೆಂದು.

ಆ ಕೂಗು ಇಡೀ ಕಟ್ಟಡಕ್ಕೆ ಕೇಳಿಸಿತು ಎಂದು ನಾನು ಹೇಳಿದರೆ ನನ್ನ ಸಹೋದ್ಯೋಗಿ ಒಪ್ಪುವುದಿಲ್ಲ. ಒಡಕು ದನಿ, ಅಷ್ಟೇನೂ ಜೋರಿರಲಿಲ್ಲ ಎನ್ನುತ್ತಾಳೆ. ಅವಳು ಹೇಳುವುದೇ ನಿಜವಿರಬಹುದು. ನನ್ನ ನೆನಪು ಅದನ್ನು ಬೆಳೆಸಿರಬಹುದು. ಆದರೆ ನರ್ಸ್ ತುಟಿಯ ಮೇಲೆ ಬೆರಳಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಲ್ಲದ ದನಿಗೆ ಯಾರೂ ಬೆರಳಿಡುವುದಿಲ್ಲ.