ಎಲೆ ಬಿಟ್ಟ ಪುಟ್ಟಮಲ್ಲಪ್ಪ

ಬೇಗೂರಿನ ಪುಟ್ಟಮಲ್ಲಪ್ಪನ ಅಜ್ಜ ಕೂತ ಕಡೆಯೇ ಒಂದು ಕಟ್ಟು ವೀಳ್ಯದೆಲೆ ಜಗಿದು ಮುಗಿಸಿದವರು. ಅಪ್ಪ ಜಗಲಿಯಿಂದಲೇ ಬೀದಿಯಾಚೆಗೆ ಉಗುಳಿ ಪಂತ ಗೆದ್ದವರು. ಇವನೋ, ಸಾವಿನ ಮನೆಯಲ್ಲಿ ಅಳುವಾಗಲೂ ದವಡೆಗೆ ಎಲೆಯಿಟ್ಟೇ ಅಳುತ್ತಿದ್ದವನು. ಲಿವರ್ ಕೆಟ್ಟು, ಅನ್ನನಾಳದ ನರ ಒಡೆದು ರಕ್ತ ಕಾರಿಕೊಂಡ ದಿನ ಹೆಂಡತಿ ಗುರುಮಲ್ಲಮ್ಮ, "ಎಲ್ಲೆಂದ್ರಲ್ಲಿ ಉಗೀಬ್ಯಾಡಿ" ಎಂದು ಗದರಿ ಒಳಗೆ ಹೋಗಿದ್ದಳು. ಚಾಮರಾಜನಗರದ ಡಾಕ್ಟರು ಬಾಯಿಂದ ಪೈಪು ಇಳಿಸಿ, ಉಬ್ಬಿದ ನರಗಳಿಗೆ ರಬ್ಬರ್ ಬ್ಯಾಂಡ್ ಬಿಗಿದು ಉಳಿಸಿದರು. ಈಗ ತಪಾಸಣೆಗೆ ಹೋಗುವ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ, "ಒಳಗೆ ಐದು ಬ್ಯಾಂಡ್ ಆಕವ್ರೆ ಕಣ್ಲಾ" ಎಂದು ಎದೆ ತಟ್ಟಿ ತೋರಿಸುತ್ತಾನೆ. ಎಲೆಯನ್ನು ಮಾತ್ರ ಮುಟ್ಟುವುದಿಲ್ಲ. ಇನ್ನು ಬಾಯಲ್ಲಿ ಕೆಂಪು ಕಂಡರೆ ಅದು ರಕ್ತವೇ ಎಂದು ಗುರುಮಲ್ಲಮ್ಮನಿಗೆ ತಕ್ಷಣ ತಿಳಿಯಬೇಕಲ್ಲ. ಇಳಿಯುವಾಗ ಕಂಡಕ್ಟರ್ ಆಸರೆಗೆ ಕೈ ಚಾಚಿದರೆ ನಗುತ್ತಾನೆ: "ಬುಡಪ್ಪ, ಕಟ್ಟಾಕಿ ಕಳ್ಸವ್ರೆ, ಉದುರೋಗಕ್ಕಿಲ್ಲ ನಾನು."